320 ಆಂಪ್ ನಂಬಿ ಕೆಟ್ಟೆ, 60 ಆಂಪ್‌ನಲ್ಲಿ ಬಂಡೆ ಹತ್ತಿಸಿದೆ

ರಿಮೋಟ್ ಗಾಡಿಯ ಇಎಸ್‌ಸಿ, ಅಂದ್ರೆ ಬ್ಯಾಟರಿಯಿಂದ ಮೋಟರ್‌ಗೆ ಎಷ್ಟು ಕರೆಂಟ್ ಹೋಗ್ಬೇಕು ಅಂತ ಹಿಡಿತದಲ್ಲಿಡೋ ಸರ್ಕ್ಯೂಟ್. ಅದರ ಡಬ್ಬಿ ಮೇಲೆ 320 ಆಂಪ್ ಅಂತ ಬರೆದಿತ್ತು, ನಂಬಿ ತಗೊಂಡೆ. ಎಸ್‌ಪಿ ರೋಡ್‌ನಲ್ಲಿ ಐನೂರು ಚಿಲ್ಲರೆ ಕೊಟ್ಟಿರ್ಬೇಕು. ಗಾಡಿ ನಾನೇ ಜೋಡಿಸಿದ 1/10 ಅಳತೆಯ ಕ್ರಾಲರ್, ಬಂಡೆ ಹತ್ತೋ ಥರದ್ದು, ಬ್ಯಾಟರಿ ಸೇರಿ ಎರಡೂವರೆ ಕೆಜಿ ಹತ್ರ, ಮೋಟರ್ ಎಲ್ಲರ ಮನೇಲೂ ಒಂದಾದ್ರೂ ಬಿದ್ದಿರೋ 27 ಟರ್ನ್ (ಒಳಗಿನ ತಂತಿ ಸುತ್ತಿನ ಲೆಕ್ಕ) 540 ಸಿಲ್ವರ್ ಕ್ಯಾನ್, ಬ್ಯಾಟರಿ 2 ಸೆಲ್ ಲೈಪೋ. ರಾಮನಗರದ ಬಂಡೆ ಮೇಲೆ ಮೂರನೇ ಭಾನುವಾರ ಮುಂದಿನ ಚಕ್ರ ಸಂದಿಗೆ ಸಿಕ್ಕಾಕೊಳ್ತು, ನಾನು ಥ್ರಾಟಲ್ ಬಿಡ್ಲಿಲ್ಲ, ಐದಾರು ಸೆಕೆಂಡ್ ಆಗಿರ್ಬೇಕು ಅಷ್ಟೇ, ಹೊಗೆ ಬಂತು. ಹೊಗೆಗಿಂತ ಭಯ ಆಗಿದ್ದು ಆಮೇಲೆ. ಇಎಸ್‌ಸಿ ಒಳಗೆ ಕರೆಂಟ್ ಆನ್ ಆಫ್ ಮಾಡೋ ಮಾಸ್‌ಫೆಟ್ ಬಹಳ ಸಲ ಶಾರ್ಟ್ ಆಗೇ ಸಾಯುತ್ತೆ, ಅಂದ್ರೆ ಬ್ಯಾಟರಿ ನೇರ ಮೋಟರ್‌ಗೆ ಸಿಕ್ತು, ಚಕ್ರ ಸಂದಿಯಿಂದ ಬಿಟ್ಕೊಂಡಿದ್ದೇ ಗಾಡಿ ಫುಲ್ ಸ್ಪೀಡಲ್ಲಿ ಹೊರಟಿತು, ರಿಮೋಟ್ ಆಫ್ ಮಾಡಿದ್ರೂ ನಿಲ್ಲಲ್ಲ. ಓಡಿ ಹೋಗಿ ಪ್ಲಗ್ ಕಿತ್ತೆ, ಬೆರಳು ಬೊಬ್ಬೆ ಬಂತು.

ಪೀಸ್ ಸರಿ ಇರ್ಲಿಲ್ಲ ಅನ್ಕೊಂಡು ಅದೇ ಥರದ್ದು ಇನ್ನೊಂದು ತಂದೆ, ಮೇಲೆ ಸಣ್ಣ ಫ್ಯಾನ್ ಕೂರಿಸಿದೆ. ಈ ಸಲ ಕೈ ಕೊಟ್ಟಿದ್ದು ಬಿಇಸಿ, ಅಂದ್ರೆ ರಿಸೀವರ್‌ಗೂ ಸರ್ವೋಗೂ ವೋಲ್ಟ್ ಇಳಿಸಿ ಕೊಡೋ ಭಾಗ. ಮುಂದಿನ ಚಕ್ರ ತಿರುಗಿಸೋ 20 ಕೆಜಿ ಬಲದ ಮೆಟಲ್ ಗೇರ್ ಸರ್ವೋ ಕಲ್ಲಿಗೆ ಒತ್ತಿ ತಿರುಗಿದ ತಕ್ಷಣ ರಿಸೀವರ್ ಆಫ್ ಆಗಿ ಆನ್ ಆಗೋದು. ಅದ್ರಲ್ಲಿರೋದು ಲೀನಿಯರ್ ಬಿಇಸಿ, ತುಂಬಿದ 2 ಸೆಲ್ 8.4 ವೋಲ್ಟ್, ಸರ್ವೋಗೆ ಹೋಗೋದು ಐದೂವರೆ, ಮಿಕ್ಕ ಮೂರು ವೋಲ್ಟ್ ಪೂರ್ತಿ ಅಲ್ಲೇ ಬಿಸಿ. ಸರ್ವೋ 2 ಆಂಪ್ ಎಳೆದ್ರೆ 6 ವಾಟ್, ಬೆರಳುಗುರಿನಷ್ಟಿರೋ ಚಿಪ್ ಎಷ್ಟು ಹೊತ್ತು ತಡ್ಕೊಳ್ಳುತ್ತೆ ಹೇಳಿ. ಅದು ಸಾಲದು ಅಂತ ನನ್ನ ಪೀಸಲ್ಲಿ ಬ್ಯಾಟರಿ ತೀರಾ ಖಾಲಿ ಆಗೋ ಮುಂಚೆ ನಿಲ್ಲಿಸೋ ಕಟ್‌ಆಫೇ ಇರ್ಲಿಲ್ಲ, ಸಾವಿರದ ಎಂಟುನೂರು ರೂಪಾಯಿ ಲೈಪೋ ಊದ್ಕೊಂಡು ಹೋಯ್ತು. ಒಟ್ಟು ಮೂರು ಸಾವಿರದ ಹತ್ರ ನೀರಿಗೆ ಹಾಕಿದಂಗಾಯ್ತು.

ಜೊತೇಲಿ ಓಡಿಸೋರೆಲ್ಲ ಒಂದೇ ರಾಗ: ಬ್ರಷ್‌ಲೆಸ್ ಮೋಟರ್‌ಗೆ ಹೋಗು ಮಾರಾಯ, ಇಲ್ಲಾಂದ್ರೆ ಇನ್ನೂ ದೊಡ್ಡ ಆಂಪ್ ತಗೋ. ಕ್ರಾಲರ್‌ನಲ್ಲಿ ಸೆನ್ಸರ್ ಇಲ್ಲದ ಬ್ರಷ್‌ಲೆಸ್ ನಿಧಾನಕ್ಕೆ ಎತ್ತುವಾಗ ತಡವರಿಸುತ್ತೆ, ಸೆನ್ಸರ್ ಇರೋದಕ್ಕೆ ನನ್ನ ಹತ್ರ ದುಡ್ಡಿರ್ಲಿಲ್ಲ. ಇಎಸ್‌ಸಿ ದೊಡ್ಡದು ಮಾಡೋ ಬದ್ಲು ಮೋಟರ್ ನಿಜವಾಗ್ಲೂ ಎಷ್ಟು ಎಳೆಯುತ್ತೆ ಅಂತ ಮೊದ್ಲು ಅಳೀತೀನಿ ಅಂದಿದ್ದಕ್ಕೆ ನಕ್ಕರು.

ಮಲ್ಟಿಮೀಟರ್‌ನ ಓಮ್ಸ್ ಇದಕ್ಕೆ ಕೆಲಸಕ್ಕೆ ಬರಲ್ಲ, ಪ್ರೋಬ್ ವೈರೇ ಮೋಟರ್‌ಗಿಂತ ಜಾಸ್ತಿ ತೋರಿಸುತ್ತೆ. ಬೆಂಚ್ ಸಪ್ಲೈನ 2 ಆಂಪ್‌ಗೆ ಲಿಮಿಟ್ ಮಾಡಿ, ಪಿನಿಯನ್‌ನ (ಮೋಟರ್ ಶಾಫ್ಟ್ ಮೇಲಿನ ಸಣ್ಣ ಗೇರ್) ಇಕ್ಕಳದಲ್ಲಿ ಬಿಗಿಯಾಗಿ ಹಿಡಿದು, ಮೋಟರ್ ಟ್ಯಾಬ್ ಮೇಲೇ ವೋಲ್ಟ್ ನೋಡ್ದೆ. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸಿ ಐದಾರು ಕಡೆ ನೋಡ್ಬೇಕು, ಬ್ರಷ್ ಕೂತ ಜಾಗಕ್ಕೆ ತಕ್ಕಂಗೆ ಬದಲಾಗುತ್ತೆ. 27 ಟರ್ನ್‌ಗೆ 0.2 ವೋಲ್ಟ್ ಆಸುಪಾಸು ಬಂತು, ಅಂದ್ರೆ 0.1 ಓಮ್. 8.4ನ ಅದ್ರಿಂದ ಭಾಗಿಸಿದ್ರೆ ಚಕ್ರ ಸಿಕ್ಕಾಕೊಂಡಾಗ 84 ಆಂಪ್, ವೈರು ಬ್ಯಾಟರಿ ಎಲ್ಲ ತಿಂದು 60-65 ಆದ್ರೂ ನಿಜಕ್ಕೂ ಹರಿಯುತ್ತೆ. ಸ್ನೇಹಿತನ ಹತ್ರ ಒಂದು 55 ಟರ್ನ್ ಇತ್ತು, ಅದು 0.4 ಓಮ್. ತುಂಬಿದ 3 ಸೆಲ್ 12.6ಕ್ಕೂ 31.5 ಆಂಪ್ ದಾಟಲ್ಲ. ಸುತ್ತು ಎರಡರಷ್ಟು ಇರೋದ್ರಿಂದ ಅರ್ಧ ಕರೆಂಟಲ್ಲೇ ಎಳೆತ ಹೆಚ್ಚುಕಮ್ಮಿ ಅಷ್ಟೇ ಸಿಗುತ್ತೆ, ಟಾಪ್ ಸ್ಪೀಡ್ ಮಾತ್ರ ಕಾಲು ಭಾಗ ಹೋಗುತ್ತೆ. ಬಂಡೆ ಮೇಲೆ ಸ್ಪೀಡ್ ಯಾರಿಗೆ ಬೇಕು!

55 ಟರ್ನ್, 3 ಸೆಲ್ ಅಂತ ತೀರ್ಮಾನ ಮಾಡಿ ಆಗ ತಗೊಂಡ ಇಎಸ್‌ಸಿ ಹಾಬಿವಿಂಗ್ ಕ್ವಿಕ್‌ರನ್ 1060, ಎರಡು ಸಾವಿರದ ಒಳಗೆ ಸಿಕ್ತು ಅಂತ ನೆನಪು. ಎಲ್ರೂ 60 ಆಂಪ್ ಅನ್ನೋದನ್ನ ಮಾತ್ರ ಓದ್ತಾರೆ, ಅದು ಮುಂದಕ್ಕೆ. ಹಿಂದಕ್ಕೆ 30 ಅಷ್ಟೇ. ಕ್ರಾಲರ್‌ನಲ್ಲಿ ಸಿಕ್ಕಾಕೊಂಡಾಗ ಬಿಡಿಸ್ಕೊಳ್ಳೋದೇ ರಿವರ್ಸ್‌ನಲ್ಲಿ, ಹಂಗಾಗಿ ನಾನು ಆರಿಸಿದ್ದು ಆ 30 ನೋಡಿ. 31 ಚಿಲ್ಲರೆ ಬರೋದು ಚಕ್ರ ಪೂರ್ತಿ ಲಾಕ್ ಆದ ಕ್ಷಣಕ್ಕೆ, ಅಷ್ಟು ಹೊತ್ತು ಅದು ಆರಾಮಾಗಿ ತಡ್ಕೊಳ್ಳುತ್ತೆ. 27 ಟರ್ನ್‌ನೇ ಇಟ್ಕೊಂಡಿದ್ರೆ ಸಿಕ್ಕಾಕೊಂಡಾಗ ಆ 30ರ ಎರಡರಷ್ಟು ಎಳೀತಿತ್ತು. ಇಎಸ್‌ಸಿಯಲ್ಲಿ ಬ್ಯಾಟರಿ ಯಾವ ಥರದ್ದು ಅಂತ ಆರಿಸೋ ಜಂಪರ್ ಲೈಪೋಗೇ ಇದೆಯಾ ಅಂತ ಎರಡು ಸಲ ನೋಡ್ಕೊಳ್ಳಿ, ಕಟ್‌ಆಫ್ ಸರಿಯಾಗಿ ಬರೋದು ಆಗ್ಲೇ.

3 ಸೆಲ್‌ಗೆ ಹೋದ್ಮೇಲೆ ಲೀನಿಯರ್ ಬಿಇಸಿ ಆದ್ರೆ ಬಿಸಿ ಇನ್ನೂ ಜಾಸ್ತಿ, ಅದಕ್ಕೆ ನಾನೂರು ರೂಪಾಯಿದು ಬೇರೆ ಸ್ವಿಚಿಂಗ್ ಬಿಇಸಿ ಹಾಕಿ ಎರಡು ಬಿಇಸಿ ಒಂದಕ್ಕೊಂದು ಅಡ್ಡ ಬರ್ಬಾರ್ದು ಅಂತ ಇಎಸ್‌ಸಿ ಕನೆಕ್ಟರ್‌ನಿಂದ ಕೆಂಪು ವೈರ್ ಎಳೆದು ಟೇಪ್ ಸುತ್ತಿದೆ. ಮೋಟರ್‌ಗೆ 104 ನಂಬರಿನ ಕೆಪಾಸಿಟರ್ ಮೂರು ಸೋಲ್ಡರ್ ಮಾಡ್ದೆ, ಸರ್ವೋ ನಡುಗೋದು ನಿಂತೋಯ್ತು.

ಮಧ್ಯೆ ಇನ್ನೊಂದು ಪ್ರಯೋಗ ಆಯ್ತು. ಹೊಸ 55 ಟರ್ನ್ ತಂದು, ಬ್ರಷ್ ಸರಿಯಾಗಿ ಕೂರ್ಲಿ ಅಂತ ನೀರಿನ ಲೋಟದಲ್ಲಿ ಮುಳುಗಿಸಿ 3 ವೋಲ್ಟ್‌ನಲ್ಲಿ ಐದು ನಿಮಿಷ ತಿರುಗಿಸ್ದೆ, ಬ್ರಷ್ ಸವೆದು ನೀರು ಬೂದಿ ಬಣ್ಣ ಆಯ್ತು. ಒಣಗಿಸಿ ಬುಷ್‌ಗೆ ಎಣ್ಣೆ ಬಿಟ್ಟು ಮತ್ತೆ ಅಳೆದೆ, ಮುಂಚೆ ಒಂದೊಂದು ಜಾಗಕ್ಕೆ ಒಂದೊಂದು ಥರ ಬರ್ತಿದ್ದ ವೋಲ್ಟ್ ಈಗ ಹತ್ರ ಹತ್ರ ಬರುತ್ತೆ. ನೀರಿಂದ ತೆಗೆದ ತಕ್ಷಣ ಒಣಗಿಸಲಿಲ್ಲ ಅಂದ್ರೆ ಮಾತ್ರ ತುಕ್ಕು ಗ್ಯಾರಂಟಿ.

ಪಿನಿಯನ್ ಎಷ್ಟು ಹಲ್ಲಿನದು ಅಂತ ಈಗ್ಲೇ ಹೇಳಲ್ಲ, ಅದಕ್ಕೆ ಎರಡು ತಿಂಗಳು ತಲೆ ಕೆಡಿಸ್ಕೊಂಡಿದೀನಿ. ಬ್ಯಾಟರಿ ಎಲ್ಲಿ ಕೂರಿಸಿದೀನಿ ಅನ್ನೋದೂ ನನ್ನ ಹತ್ರಾನೇ ಇರ್ಲಿ.

ಎಂಟು ತಿಂಗಳಾಯ್ತು, ಮಳೇಲೂ ಓಡ್ಸಿದೀನಿ, ಒಂದು ಪ್ಯಾಕ್ ಪೂರ್ತಿ ಮುಗಿಸಿದ್ಮೇಲೂ ಹೀಟ್‌ಸಿಂಕ್ ಮೇಲೆ ಬೆರಳು ಇಡಬಹುದು. ನಕ್ಕಿದ್ದವರಲ್ಲಿ ಒಬ್ಬರು ಹೋದ ವಾರ ತಮ್ಮ ಟ್ರಕ್ ಮೋಟರ್ ಬಿಚ್ಕೊಂಡು ನನ್ನ ಮೇಜಿಗೇ ಬಂದ್ರು. ಅಳೆದ್ರೆ 0.07 ಓಮ್. ಮರುದಿನಾನೇ 35 ಟರ್ನ್ ತಂದು ಹಾಕಿದಾರೆ, ಇಎಸ್‌ಸಿ ಹಳೇದೇ.