22 ಕ್ಯಾರೆಟ್‌ನಲ್ಲೇ ಕ್ಲಿಪ್ ಬುಗುಡಿ: ನನ್ನ ಅನುಭವ

ಇಪ್ಪತ್ತೆರಡು ಕ್ಯಾರೆಟ್ ಚಿನ್ನದಲ್ಲಿ ಸ್ಪ್ರಿಂಗಿನ ಬಿಗಿ ನಿಲ್ಲುವುದಿಲ್ಲ. ಕೋಲಾರದ ಪೇಟೆಯಲ್ಲಿ ಯಾವ ಅಕ್ಕಸಾಲಿಯನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ನನಗೆ ಕೆಲಸ ಕಲಿಸಿದ ಮಾವನೂ ಹೇಳಿದ್ದರು. ಈಗ ನಾನು ಮಾಡಿದ, ಚುಚ್ಚದೆ ಮೇಲ್ಗಿವಿಗೆ ಸಿಕ್ಕಿಸುವ ಕ್ಲಿಪ್ ಬುಗುಡಿ ಒಂದೂವರೆ ವರ್ಷದಿಂದ ಒಬ್ಬರ ಕಿವಿಯಲ್ಲಿ ಗಟ್ಟಿಯಾಗಿ ಕೂತಿದೆ. ಹಾಗಾಗಿ ಬರೆಯುತ್ತಿದ್ದೇನೆ.

ಆರ್ಡರ್ ತಂದವರು ಮಾಲೂರು ಕಡೆಯ ಒಬ್ಬ ಟೀಚರಮ್ಮ. ಅಜ್ಜಿಯ ಬುಗುಡಿ ಇತ್ತು. ಒಂದು ನೆಗ್ಗಿತ್ತು, ಇನ್ನೊಂದರ ತಿರುಪು ಹೋಗಿತ್ತು. ಜೊತೆಗೆ ಹಳೆಯ ಓಲೆ, ಮುರಿದ ಚೂರುಪಾರು. "ಆಚಾರ್ರೇ, ಇದೇ ಡಿಸೈನ್ ಬೇಕು. ಇದೇ ಚಿನ್ನ ಆಗಬೇಕು. ಆದ್ರೆ ಕಿವಿ ಮೇಲ್ಗಡೆ ಚುಚ್ಚಿಸಿಕೊಳ್ಳಲ್ಲ," ಅಂದರು. ಈಗ ಮೇಲ್ಗಿವಿ ಚುಚ್ಚಿಸಿಕೊಳ್ಳುವವರು ಎಷ್ಟು ಜನ ಇದ್ದಾರೆ, ಅಲ್ವಾ? ಅಂಗಡಿಗಳಲ್ಲಿ ಕ್ಲಿಪ್ ಬುಗುಡಿ ಸಿಗುತ್ತದೆ. ಆದರೆ ಅದು ಹೆಚ್ಚಾಗಿ ಗಿಲೀಟು, ಇಲ್ಲವೇ ಬೆಳ್ಳಿ. ಇವರಿಗೆ ಪೂರ್ತಿ 22 ಬೇಕಿತ್ತು. ಕ್ಲಿಪ್ ಕೂಡ.

ಅಜ್ಜಿಯ ಚಿನ್ನ ಕೆಜಿಎಫ್‌ದೇ ಇರಬೇಕು, ಅಚ್ಚ ಚಿನ್ನ ಅಂತ ಅವರ ನಂಬಿಕೆ. ಕೋಲಾರದಲ್ಲಿ ಕೂತಿದ್ದೇನೆ ಅಂತ ನನ್ನನ್ನೂ ತುಂಬಾ ಜನ ಹಾಗೆ ಕೇಳುತ್ತಾರೆ. ಗಣಿ ಮುಚ್ಚಿದ್ದು 2001ರ ಫೆಬ್ರುವರಿಯಲ್ಲಿ. ಅದು ನಡೆಯುತ್ತಿದ್ದಾಗಲೂ ನಮ್ಮ ಪೇಟೆಗೆ ಅಲ್ಲಿಂದ ಯಾರೂ ಗಟ್ಟಿ ತಂದು ಸುರಿಯುತ್ತಿರಲಿಲ್ಲ. ಅರಗು, ಕಲ್ಲು ತೆಗೆದು ಅವರ ಎದುರೇ ಕರಗಿಸಿದೆ. ತೂಕ ಹತ್ತು ಗ್ರಾಂ ಚಿಲ್ಲರೆ. ಟಚ್, ಅಂದರೆ ನೂರರಲ್ಲಿ ಅಚ್ಚ ಚಿನ್ನದ ಪಾಲು, ನೋಡಿದರೆ 84ರ ಆಸುಪಾಸು. ಹಳೇ ಒಡವೆಯಲ್ಲಿ ಬೆಸುಗೆ ಜಾಸ್ತಿ, ಅದಕ್ಕೇ ಟಚ್ ಇಳಿಯುತ್ತದೆ. ಟೀಚರಮ್ಮನ ಮುಖ ಸಣ್ಣಗಾಯಿತು.

ಅಚ್ಚ ಚಿನ್ನ ಸೇರಿಸಿ 916ಕ್ಕೆ, ಅಂದರೆ 22 ಕ್ಯಾರೆಟ್‌ಗೆ, ಏರಿಸೋಣ ಅಂದರೆ ಲೆಕ್ಕ ಹಾಕಿ ನೋಡಿ. 84ರ ಹತ್ತು ಗ್ರಾಂಗೆ ಒಂಬತ್ತು ಗ್ರಾಂ ಅಚ್ಚ ಚಿನ್ನ ಬೇಕು. ಗ್ರಾಂ ಹತ್ತು ಸಾವಿರ ದಾಟಿರುವ ಕಾಲದಲ್ಲಿ ಯಾರು ಹಾಕುತ್ತಾರೆ? ಅದಕ್ಕೇ ಶುದ್ಧಿ ಮಾಡಿದೆ. ಬೆಳ್ಳಿ ಸೇರಿಸಿ, ಚಿನ್ನ ಒಟ್ಟು ತೂಕದ ಕಾಲು ಭಾಗ ಆಗುವಂತೆ ಕರಗಿಸಿ, ತಗಡು ಮಾಡಿ ನೈಟ್ರಿಕ್ ಆಸಿಡ್‌ಗೆ ಹಾಕಿದೆ. ಬೆಳ್ಳಿ, ತಾಮ್ರ ಕರಗಿ ಚಿನ್ನ ಉಳಿಯುತ್ತದೆ. ಆ ಕಂದು ಹೊಗೆ ಮನೆಯೊಳಗೆ ಬೇಡವೇ ಬೇಡ, ಮಹಡಿ ಮೇಲೆ ಮಾಡಿ. ಅಚ್ಚ ಚಿನ್ನ ಎಂಟೂವರೆ ಗ್ರಾಂ ಹತ್ತಿರ ಸಿಕ್ಕಿತು. ಅದರಿಂದ 22 ಮಾಡಿದಾಗ ಒಂಬತ್ತು ಗ್ರಾಂ ದಾಟಿತು. ಒಂದು ಜೊತೆ ಬುಗುಡಿಗೆ ಆರು ಗ್ರಾಂ ಸಾಕು. ಉಳಿದದ್ದು ಅವರದೇ. ಈ ಶುದ್ಧಿ ಕೆಲಸಕ್ಕೆ ನಾನು ಬೇರೆ ಕೂಲಿ ಕೇಳಲಿಲ್ಲ. ಈಗ ಕೇಳುತ್ತೇನೆ.

ಹೂವಿನ ಕೆಲಸದ ಬಗ್ಗೆ ಬರೆಯುವುದು ಜಾಸ್ತಿ ಇಲ್ಲ. ತಗಡು, ಗುಂಡು, ಕೆಂಪು ಕಲ್ಲು, ಸುತ್ತ ಮುತ್ತು. ಬೆಂಗಳೂರಿನ ನಗರ್ತಪೇಟೆಯಲ್ಲಿ ಇದೇ ಹೂವನ್ನು ಮೇಣದಲ್ಲಿ ಮಾಡಿಸಿ ಎರಕ ಹೊಯ್ಯಿಸಿಯೂ ನೋಡಿದೆ. ಚೆನ್ನಾಗಿ ಬಂತು, ಆದರೆ ಒಂದೊಂದು ಹೂ ಒಂದೂವರೆ ಗ್ರಾಂ. ಕೈಯಲ್ಲಿ ತಗಡು ಎಬ್ಬಿಸಿದರೆ ಅದರ ಅರ್ಧ. ಚುಚ್ಚದ ಕಿವಿಗೆ ಭಾರವೇ ಮೊದಲ ಶತ್ರು. ಹೂ ಭಾರವಾದರೆ ಎಂಥ ಕ್ಲಿಪ್ ಇದ್ದರೂ ಬುಗುಡಿ ಮುಂದಕ್ಕೆ ಮಗುಚುತ್ತದೆ.

ಒದ್ದಾಡಿದ್ದೆಲ್ಲ ಕ್ಲಿಪ್‌ನಲ್ಲಿ. ಮೊದಲು ತಂತಿ ಎಳೆದು, ಬಗ್ಗಿಸಿ, ಹೂವಿನ ಬೆನ್ನಿಗೆ ಬೆಸೆದೆ. ಬೆಸೆಯುವ ಮುಂಚೆ ಒಳ್ಳೆ ಬಿಗಿ ಇತ್ತು. ಬೆಸೆದ ಮೇಲೆ ಬೆಂದ ಶ್ಯಾವಿಗೆಯ ಥರ ಮೆತ್ತಗಾಯಿತು. ಸುತ್ತಿಗೆಯಲ್ಲಿ ತಟ್ಟಿ ಬಿಗಿ ತರಲು ಹೋದರೆ ಹೂವೇ ಅಲುಗಾಡಿತು.

ಆಮೇಲೆ ಚಿನ್ನಕ್ಕೆ ಬೆರೆಸುವ ಮಿಶ್ರಣ ಬದಲಾಯಿಸಿದೆ. ಬೆಳ್ಳಿ ಪೂರ್ತಿ ಬಿಟ್ಟು ಬರೀ ತಾಮ್ರ ಹಾಕಿದೆ. 22ರಲ್ಲೇ ಗಡಸು ಜಾಸ್ತಿ ಬರುತ್ತದೆ, ಇದು ನಿಜ. ಆದರೆ ಬಣ್ಣ ಕೆಂಪಗೆ. ಟೀಚರಮ್ಮ ನೋಡಿ, "ಇದೇನು ಆಚಾರ್ರೇ, ತಾಮ್ರದ ಚೊಂಬಿನ ಬಣ್ಣ," ಅಂದರು. ಮತ್ತೆ ಕರಗಿಸಿದೆ.

ಒಬ್ಬ ಗೆಳೆಯ ಹೇಳಿದ ಅಂತ ಒಳಗೆ ಸಣ್ಣ ಸ್ಟೀಲ್ ತಂತಿ ಇಟ್ಟೂ ನೋಡಿದೆ. ಬೆಸೆದ ಮೇಲೆ ಶುಚಿ ಮಾಡಲು ಆಸಿಡ್‌ಗೆ ಹಾಕಿದ ತಕ್ಷಣ ಇಡೀ ಒಡವೆಗೆ ತಾಮ್ರದ ಪದರ ಹತ್ತಿಕೊಂಡಿತು. ಆಸಿಡ್‌ನಲ್ಲಿ ಕಬ್ಬಿಣ ಬಿದ್ದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಆದರೂ ಆಸೆ. ಅದು ಹೋಗಲಿ, ನಾಳೆ ಇದನ್ನು ಮಾರಲು ಹೋದರೆ ಒಳಗೆ ಕಬ್ಬಿಣ ಸಿಕ್ಕಿತು ಅಂತ ಮಾಡಿದವನಿಗೇ ಬೈಯುತ್ತಾರೆ. 18 ಕ್ಯಾರೆಟ್ ಕ್ಲಿಪ್ ಹಾಕು ಅಂತ ಎಲ್ಲರೂ ಹೇಳಿದರು. ಕೆಲಸ ಸುಲಭವಾಗುತ್ತಿತ್ತು. ಆದರೆ ಒಪ್ಪಿಕೊಂಡದ್ದು 22.

ಪೇಟೆಯಲ್ಲಿ ಟೀ ಕುಡಿಯುವಾಗ ನಗುತ್ತಿದ್ದರು. "ಏನಪ್ಪಾ, ಸ್ಪ್ರಿಂಗ್ ಬಂತಾ?" ಅಂತ ದಿನಾ ಒಂದೇ ಪ್ರಶ್ನೆ.

ಕೊನೆಗೆ ಕೆಲಸದ ಸರದಿಯನ್ನೇ ತಿರುಗಿಸಿ ಹಾಕಿದೆ. ಎಳೆದ ತಂತಿಗೆ ಬಿಗಿ ಇದ್ದೇ ಇದೆ. ಅದನ್ನು ಕೊಲ್ಲುವುದು ಬೆಂಕಿ. ಹಾಗಾದರೆ ಎಳೆದ ಮೇಲೆ ತಂತಿಗೆ ಬೆಂಕಿ ತೋರಿಸಬಾರದು. ಹೂವಿನ ಬೆನ್ನಿಗೆ ಸಣ್ಣ ಕೊಳವೆ ಬೆಸೆದೆ. ಬೆಸುಗೆ, ಆಸಿಡ್, ಕಲ್ಲು ಕೂರಿಸುವುದು, ಅರಗು ತುಂಬುವುದು, ಪಾಲಿಶ್, ಎಲ್ಲ ಮುಗಿಸಿದೆ. ಎಲ್ಲಕ್ಕಿಂತ ಕೊನೆಗೆ ಬಿಗಿ ತಂತಿಯನ್ನು ಕೊಳವೆಯೊಳಗೆ ತೂರಿಸಿ, 22ರದೇ ಸಣ್ಣ ಮೊಳೆ ಹಾಕಿ ತಣ್ಣಗೆ ತಟ್ಟಿ ರಿವಿಟ್ ಮಾಡಿದೆ. ಅಷ್ಟೇ. ಕ್ಯಾಡ್ಮಿಯಂ ಬೆಸುಗೆ ಹತ್ತಿರವೂ ಸುಳಿಯಲಿಲ್ಲ, ಆ ಹೊಗೆ ಕುಡಿದು ಕೆಮ್ಮಿದವರನ್ನು ನೋಡಿದ್ದೇನೆ.

ತಂತಿಯನ್ನು ಕೊನೆಯ ಸಲ ಕಾಯಿಸಿದ ಮೇಲೆ ಕಂಬಚ್ಚಿನ, ಅಂದರೆ ತಂತಿ ಎಳೆಯುವ ತೂತಿನ ಅಚ್ಚಿನ, ಎಷ್ಟು ತೂತಿನಲ್ಲಿ ಎಳೆಯಬೇಕು ಅನ್ನುವುದರಲ್ಲಿ ಇಡೀ ಕೆಲಸ ಇದೆ. ಕಡಿಮೆಯಾದರೆ ಮೆತ್ತಗೆ, ಜಾಸ್ತಿಯಾದರೆ ಬಗ್ಗಿಸುವಾಗ ಸೀಳುತ್ತದೆ. ಆ ಸಂಖ್ಯೆ ಹೇಳುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಮುಗಿದಾಗ ನನ್ನ ತಂತಿ ಒಂದು ಮಿಲಿಮೀಟರ್‌ಗಿಂತ ಸ್ವಲ್ಪ ಕಡಿಮೆ ದಪ್ಪ ಇರುತ್ತದೆ ಅಂತ ಮಾತ್ರ ಹೇಳಬಲ್ಲೆ. ತುದಿಯನ್ನು ಬಗ್ಗಿಸುವ ರೀತಿಯೂ ನನ್ನ ಹತ್ತಿರವೇ ಇರಲಿ.

ಹೇಳಬಹುದಾದ ಒಂದು ವಿಷಯ ಇದೆ. ಕಿವಿಯ ಅಳತೆ ತೆಗೆಯಿರಿ. ಮೆತ್ತನೆ ಮೇಣವನ್ನು ಕಿವಿಯಂಚಿಗೆ ಒತ್ತಿ ತೆಗೆದರೆ ದಪ್ಪ ಗೊತ್ತಾಗುತ್ತದೆ. ಟೀಚರಮ್ಮನ ಎಡಗಿವಿಯ ಅಂಚು ಬಲಗಿವಿಗಿಂತ ತೆಳ್ಳಗಿತ್ತು. ಒಂದೇ ಅಳತೆಯ ಜೊತೆ ಮಾಡಿದ್ದರೆ ಒಂದು ಕಚ್ಚುತ್ತಿತ್ತು, ಇನ್ನೊಂದು ಉದುರುತ್ತಿತ್ತು. ಈಗ ಎಡದ್ದಕ್ಕೆ ಗುರುತಿಗೆ ಒಳಗಡೆ ಒಂದು ಚುಕ್ಕೆ ಹಾಕುತ್ತೇನೆ.

ಕೊಡುವ ಮುಂಚೆ ನನ್ನ ಹೆಂಡತಿಯ ಕಿವಿಗೆ ಹೊಂದಿಸಿ ಹಾಕಿಸಿದೆ. ಅವಳು ಮುದ್ದೆ ತಿರುವುವಾಗಲೂ, ಬಟ್ಟೆ ಒಗೆಯುವಾಗಲೂ ಬೀಳಲಿಲ್ಲ. ತೊಂದರೆ ಬಂದದ್ದು ಫೋನಿನಿಂದ. ಫೋನ್ ಕಿವಿಗೆ ಒತ್ತಿದಾಗ ಮೇಲಿನ ಗುಂಡು ತಗುಲುತ್ತಿತ್ತು. ಗುಂಡನ್ನು ಸ್ವಲ್ಪ ಹಿಂದಕ್ಕೆ ಸರಿಸಿದೆ. ಅಜ್ಜಿಯ ಕಾಲದ ಡಿಸೈನ್‌ನಲ್ಲಿ ನಾನು ಮಾಡಿದ ಬದಲಾವಣೆ ಇದೊಂದೇ.

ದುಡ್ಡಿನ ವಿಷಯ. ಕೂಲಿ ಏಳು ಸಾವಿರ ಅಂತ ಮಾತಾಗಿತ್ತು. ಆಸಿಡ್, ಬೆಳ್ಳಿ, ಎರಕದ ಖರ್ಚು, ಮತ್ತೆ ಮತ್ತೆ ಕರಗಿಸಿದ ಸವಕಳಿ, ಎಲ್ಲ ಸೇರಿ ನನ್ನ ಕೈಯಿಂದಲೇ ಹೆಚ್ಚುಕಡಿಮೆ ಹತ್ತು ಸಾವಿರ ಹೋಯಿತು. ಸವಕಳಿ ಅವರ ತಲೆಗೆ ಕಟ್ಟಲಿಲ್ಲ. ನಾನು ಕಲಿಯುವುದಕ್ಕೆ ಅವರ ಚಿನ್ನ ಯಾಕೆ ಸವೆಯಬೇಕು? ಟೀಚರಮ್ಮ ಬುಗುಡಿಯನ್ನು ಹಾಲ್‌ಮಾರ್ಕ್ ಸೆಂಟರ್‌ಗೆ ಒಯ್ದು ಪರೀಕ್ಷೆ ಮಾಡಿಸಿದರು. ಗ್ರಾಹಕರು ನಾಲ್ಕು ಒಡವೆಯವರೆಗೆ 200 ರೂಪಾಯಿ ಕೊಟ್ಟು ಟಚ್ ನೋಡಿಸಬಹುದು. 91.7 ಬಂತು. ಆ ಚೀಟಿಯ ಫೋಟೊ ನನ್ನ ಫೋನಿನಲ್ಲಿದೆ. ಟೀ ಅಂಗಡಿಯಲ್ಲಿ ತೋರಿಸಿದ್ದೂ ಆಯಿತು. ಆಮೇಲೆ ಸ್ಪ್ರಿಂಗ್ ಬಗ್ಗೆ ಯಾರೂ ಕೇಳಲಿಲ್ಲ.

ಅದಾದ ಮೇಲೆ ಎಂಟು ಹತ್ತು ಜೊತೆ ಮಾಡಿರಬಹುದು. ಈಗ ಕೂಲಿ ಹನ್ನೆರಡು ಸಾವಿರ, ಶುದ್ಧಿ ಮಾಡಲು ಬೇರೆ. ಭರತನಾಟ್ಯದ ಹುಡುಗಿಯರಿಗೆ 925 ಬೆಳ್ಳಿಯಲ್ಲಿ ಮಾಡಿ ಚಿನ್ನದ ನೀರು ಹಾಕಿಸಿದೆ. ಬೆಳ್ಳಿ ಇನ್ನೂ ಚೆನ್ನಾಗಿ ಹಿಡಿಯುತ್ತದೆ. ಮೂರು ಸಾವಿರಕ್ಕೆ ಕೊಟ್ಟರೂ ಗಿಟ್ಟುತ್ತದೆ. ಆದರೆ ಟೊಮ್ಯಾಟೊ ಬೆಳೆಯುವ ನಮ್ಮ ಕಡೆ ಚಿನ್ನದ ಆರ್ಡರ್ ಅದರ ರೇಟಿನ ಮೇಲೆ ನಿಂತಿದೆ. 2023ರ ಜುಲೈನಲ್ಲಿ ಕೆಜಿ ನೂರು ದಾಟಿದಾಗ ಪೇಟೆಯಲ್ಲಿ ಯಾರಿಗೂ ಪುರುಸೊತ್ತು ಇರಲಿಲ್ಲ. ರೇಟು ಬಿದ್ದ ವರ್ಷ ಮೂಗುಬಟ್ಟು ರಿಪೇರಿಯೇ ಗತಿ.

ಆರ್ಡರ್ ತೆಗೆದುಕೊಳ್ಳುವಾಗ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತಂತಿ ಶಾಶ್ವತ ಅಲ್ಲ, ದಿನಾ ಹಾಕಿದರೆ ಎರಡು ಮೂರು ವರ್ಷಕ್ಕೆ ಸಡಿಲವಾಗಬಹುದು. ಆಗ ಮೊಳೆ ಕೊರೆದು ತೆಗೆದು ಹೊಸ ತಂತಿ ಹಾಕಬೇಕು. ಹಳೇ ತಂತಿಯ ತೂಕಕ್ಕೆ ಹೊಸ ತಂತಿ, ಕೂಲಿ ಐನೂರು. ಅರ್ಧ ಗಂಟೆ ಕೂತರೆ ಅವರ ಎದುರೇ ಮಾಡಿಕೊಡುತ್ತೇನೆ.