ನಲವತ್ತೇಳಕ್ಕೆ ಓಟ: ಆಫೀಸು ಕೊಟ್ಟ ಮುಕ್ಕಾಲು ಗಂಟೆ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜದ ಸಿಪ್ಪೆ ತೆಗೆದು ವಿಂಗಡಿಸುವ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಾನು ಲೆಕ್ಕಪತ್ರ ನೋಡುತ್ತೇನೆ. ಓಡಲು ಶುರು ಮಾಡಿದ್ದು ನಲವತ್ತೇಳನೇ ವಯಸ್ಸಿನಲ್ಲಿ. ಈಗ ವಾರಕ್ಕೆ ಮೂರು ದಿನ ಓಡುತ್ತೇನೆ. 10 ಕಿಲೋಮೀಟರ್ ನಿಲ್ಲದೆ ಓಡಬಲ್ಲೆ. ನನ್ನ ವಯಸ್ಸಿನ ಹೆಂಗಸರು ಸಿಕ್ಕಾಗಲೆಲ್ಲ "ಈ ವಯಸ್ಸಲ್ಲಿ ಹೇಗ್ರೀ ಶುರು ಮಾಡಿದ್ರಿ?" ಅಂತ ಕೇಳುತ್ತಾರೆ. ನನ್ನ ಉತ್ತರ ಒಂದೇ. ಆಫೀಸಿನವರು ಸಮಯ ಕೊಟ್ಟರು.

ನಮ್ಮಲ್ಲಿ ಆರೋಗ್ಯ ಕಾರ್ಯಕ್ರಮ ಶುರುವಾದಾಗ ಮೊದಲು ಬಂದದ್ದು ಟೀ ಶರ್ಟು, ನೀರಿನ ಬಾಟಲಿ, ಮೊಬೈಲ್‌ನಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆ. ದಿನಕ್ಕೆ 10,000 ಹೆಜ್ಜೆ ಹಾಕಬೇಕಿತ್ತು. ಈ ಸಂಖ್ಯೆ ಯಾವ ವೈದ್ಯರೂ ಲೆಕ್ಕ ಹಾಕಿ ಹೇಳಿದ್ದಲ್ಲ. 1965ರಲ್ಲಿ ಜಪಾನಿನವರು ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರುವಾಗ ಚಾಲ್ತಿಗೆ ತಂದದ್ದು. ಸ್ಪರ್ಧೆಯಲ್ಲಿ ಚಿಕ್ಕ ವಯಸ್ಸಿನವರು ಗೆದ್ದರು, ಉಳಿದವರು ಸುಮ್ಮನಾದರು. ಆಮೇಲೆ ಮ್ಯಾನೇಜ್‌ಮೆಂಟ್‌ನವರು ಒಂದು ಒಳ್ಳೆಯ ಕೆಲಸ ಮಾಡಿದರು. ವಾರಕ್ಕೆ ಮೂರು ದಿನ ಮುಕ್ಕಾಲು ಗಂಟೆ ತಡವಾಗಿ ಬರಬಹುದು, ಸಂಬಳ ಕಡಿತ ಇಲ್ಲ ಅಂದರು. ಬಿಸಿನೀರು ಬರುವ ಒಂದು ಬಚ್ಚಲುಮನೆಯನ್ನೂ ಮಾಡಿಸಿಕೊಟ್ಟರು.

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಮನೆ ನಡೆಸುವ ಹೆಂಗಸಿಗೆ ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ತನ್ನದು ಅಂತ ಒಂದು ನಿಮಿಷವೂ ಇರುವುದಿಲ್ಲ. ತಿಂಡಿ, ಡಬ್ಬಿ, ಅತ್ತೆಯವರ ಮಾತ್ರೆ, ಮಕ್ಕಳ ಬಸ್ಸು. "ಬೆಳಿಗ್ಗೆ ಬೇಗ ಎದ್ದು ಓಡಿ" ಅನ್ನುವ ಸಲಹೆ ಆ ಹೊತ್ತಿನಲ್ಲಿ ಬೇರೆಯವರು ತಿಂಡಿ ಮಾಡಿಕೊಡುವ ಮನೆಯವರಿಗೆ ಸರಿ. ನನಗೆ ಸಿಗುವುದು ಮಕ್ಕಳು ಹೊರಟ ಮೇಲಿನ ಹೊತ್ತು ಮಾತ್ರ.

ಜಿಲ್ಲಾ ಆಟದ ಮೈದಾನದಲ್ಲಿ ನಮಗೆ ಹೇಳಿಕೊಟ್ಟವರು ನಿವೃತ್ತರಾದ ಪಿ.ಟಿ. ಮೇಷ್ಟ್ರು. ಮೊದಲ ವಾರ ಐದು ನಿಮಿಷ ಬಿರುಸಿನ ನಡಿಗೆ, ಆಮೇಲೆ 60 ಸೆಕೆಂಡ್ ನಿಧಾನ ಓಟ, 90 ಸೆಕೆಂಡ್ ನಡಿಗೆ. ಹೀಗೆ 20 ನಿಮಿಷ. ಇದು ಕೌಚ್ ಟು 5ಕೆ, ಅಂದರೆ ಸೋಫಾದಿಂದ 5 ಕಿಲೋಮೀಟರ್ ಓಟಕ್ಕೆ, ಅನ್ನುವ ಕ್ರಮ. ಅಮೆರಿಕದ ಜಾಶ್ ಕ್ಲಾರ್ಕ್ 1996ರಲ್ಲಿ ಐವತ್ತು ದಾಟಿದ ತಮ್ಮ ತಾಯಿಯಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅದರ ಲೆಕ್ಕದಲ್ಲಿ ಒಂಬತ್ತು ವಾರಕ್ಕೆ 5 ಕಿಲೋಮೀಟರ್, ಅಂದರೆ 400 ಮೀಟರ್ ಟ್ರ್ಯಾಕ್‌ನಲ್ಲಿ ಹನ್ನೆರಡೂವರೆ ಸುತ್ತು. ಮೇಷ್ಟ್ರು ಪ್ರತಿ ವಾರದ ಪಾಠವನ್ನೂ ಎರಡೆರಡು ವಾರ ಮಾಡಿಸಿದರು. "ಮೇಡಂ, ಮಾತಾಡ್ತಾ ಓಡಿ. ಮಾತಾಡೋಕೆ ಆಗ್ಲಿಲ್ಲ ಅಂದ್ರೆ ನಡೀರಿ" ಅನ್ನುವುದು ಅವರ ನಿಯಮ.

ಈ ನಿಧಾನಕ್ಕೆ ಕಾರಣ ಇದೆ. ಉಸಿರು ಕೆಲವೇ ವಾರಗಳಲ್ಲಿ ಪಳಗುತ್ತದೆ. ಮೂಳೆ, ಸ್ನಾಯುರಜ್ಜು ಪಳಗಲು ತಿಂಗಳುಗಳೇ ಬೇಕು. ಉಸಿರು ಸಿಗುತ್ತಿದೆ ಅಂತ ಜಾಸ್ತಿ ಓಡಿದರೆ ಮೊಣಕಾಲು, ಮೀನಖಂಡ ನೋಯುತ್ತವೆ. ನಮ್ಮ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಇಳಿದು ಮೂಳೆ ಸವೆಯುವುದು ಬೇರೆ. ಹಾಗಂತ ಓಟ ಬೇಡ ಅಂತಲ್ಲ. ಭಾರ ಬಿದ್ದರೇನೇ ಮೂಳೆ ಗಟ್ಟಿಯಾಗುವುದು. ಆ ಭಾರ ಸ್ವಲ್ಪ ಸ್ವಲ್ಪವೇ ಬೀಳಬೇಕು, ಅಷ್ಟೇ. ಓಟ ಇಲ್ಲದ ಎರಡು ದಿನ ಮನೆಯಲ್ಲೇ ಬಸ್ಕಿ ಹೊಡೆಯುತ್ತೇನೆ, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುತ್ತೇನೆ.

ಓಡುವ ಮುಂಚೆ ಆರೋಗ್ಯ ತಪಾಸಣೆ ಮಾಡಿಸಿ ಅಂತ ಎಲ್ಲರಿಗೂ ಹೇಳುತ್ತೇನೆ. ಸಕ್ಕರೆ, ಬಿ.ಪಿ. ಜೊತೆಗೆ ಹಿಮೋಗ್ಲೋಬಿನ್ನೂ ನೋಡಿಸಬೇಕು. ಹೆಂಗಸರಲ್ಲಿ ಅದು ಡೆಸಿಲೀಟರ್ ರಕ್ತಕ್ಕೆ 12 ಗ್ರಾಂಗಿಂತ ಕೆಳಗಿದ್ದರೆ ರಕ್ತಹೀನತೆ. ಆರೋಗ್ಯ ತಪಾಸಣೆಯ ಕ್ಯಾಂಪಿನಲ್ಲಿ ನನ್ನದೂ 12ಕ್ಕಿಂತ ಕಡಿಮೆ ಬಂತು. ವರ್ಷಗಟ್ಟಲೆ ಮೆಟ್ಟಿಲು ಹತ್ತಿದಾಗ ಬರುತ್ತಿದ್ದ ಏದುಸಿರನ್ನು ನಾನು ವಯಸ್ಸಿನ ಲೆಕ್ಕಕ್ಕೆ ಬರೆದಿದ್ದೆ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ಅದರ ಜೊತೆ ಕಾಫಿ ಕುಡಿಯಬೇಡಿ ಅಂದರು. ಕಾಫಿ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಎದ್ದ ಕೂಡಲೇ ಲೋಟ ಹಿಡಿಯುವ ಊರು ನಮ್ಮದು. ಇದನ್ನು ಇಲ್ಲಿನ ಪ್ರತಿ ಮನೆಗೂ ಹೇಳಬೇಕು ಅಲ್ವಾ?

ಮಳೆಗಾಲದ್ದು ಬೇರೆಯೇ ಕಥೆ. ಜೂನ್‌ನಿಂದ ಶೂ ಒಣಗುವುದೇ ಇಲ್ಲ. ಎರಡು ಜೊತೆ ಇಟ್ಟುಕೊಂಡು, ಒದ್ದೆಯಾದದ್ದರೊಳಗೆ ಹಳೆ ಪೇಪರ್ ತುರುಕಿಡುತ್ತೇನೆ. ಸುರಿಮಳೆಯಾದರೆ ಗೋಡೌನಿನ ಮೆಟ್ಟಿಲು ಹತ್ತಿ ಇಳಿಯುವುದು. ನಾಯಿಗಳ ಕಾಟಕ್ಕೆ ಮೂರ್ನಾಲ್ಕು ಜನ ಒಟ್ಟಿಗೆ ಹೋಗುತ್ತೇವೆ. ಕೈಮರದ ಕಡೆ ಹೋದ ದಿನ ಏರಿನಲ್ಲಿ ನಡೆಯುತ್ತೇವೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ ಹೋಗುವ ದಾರಿ ಅದು, ಅಲ್ಲಿ ನಡೆದರೂ ಎದೆ ಓಡಿದಷ್ಟೇ ಬಡಿದುಕೊಳ್ಳುತ್ತದೆ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ ಓಟಕ್ಕೆ ನಮ್ಮ ಗುಂಪು ಹೋಗಿ ಬಂತು. ಶುಲ್ಕ ಕಂಪನಿಯದು. ಕಬ್ಬನ್ ಪಾರ್ಕ್ ಸುತ್ತಮುತ್ತ ಅಷ್ಟು ಜನರ ನಡುವೆ ಓಡಿದ್ದು ನನಗೆ ದೊಡ್ಡ ಸಂತೋಷ.

ಅದಕ್ಕಿಂತ ದೊಡ್ಡ ಸಂತೋಷ ಗಾರ್ಬ್ಲಿಂಗ್ ವಿಭಾಗದ್ದು. ಅಲ್ಲಿನ ಹೆಂಗಸರು ಇಡೀ ದಿನ ಬಗ್ಗಿ ಕೂತು ಕೆಟ್ಟ ಬೀಜ ಆರಿಸುತ್ತಾರೆ. ಸೊಂಟ, ಕುತ್ತಿಗೆ ನೋವಿಲ್ಲದವರು ಕಡಿಮೆ. ಅವರು ಗುತ್ತಿಗೆಯವರು ಅನ್ನುವ ಕಾರಣಕ್ಕೆ ಕಾರ್ಯಕ್ರಮದಲ್ಲಿ ಇರಲಿಲ್ಲ. ಆರೋಗ್ಯ ಯಾರಿಗೆ ಹೆಚ್ಚು ಬೇಕಿತ್ತೋ ಅವರನ್ನೇ ಹೊರಗಿಟ್ಟಂತಾಗಿತ್ತು. ಆಫೀಸಿನ ನಾವು ಕೆಲವರು ಸೇರಿ ಕೇಳಿದೆವು. ಈಗ ಅವರಿಗೂ ಕೂಲಿ ಕಡಿತವಿಲ್ಲದೆ ಅರ್ಧ ಗಂಟೆ ನಡಿಗೆ, ಬೆನ್ನಿನ ವ್ಯಾಯಾಮ ಇದೆ. ಅವರಲ್ಲಿ ಒಬ್ಬರು ಈಗ ಮೈದಾನದಲ್ಲಿ ನನಗಿಂತ ಮುಂದೆ ಓಡುತ್ತಾರೆ.

ಡಿಸೆಂಬರ್‌ನಿಂದ ಚೆರ್ರಿ (ಇಡಿಯಾಗಿ ಒಣಗಿಸಿದ ಕಾಫಿ ಹಣ್ಣು), ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು ಒಣಗಿಸಿದ ಬೀಜ) ಹೊತ್ತ ಲಾರಿಗಳು ಸಾಲುಗಟ್ಟುತ್ತವೆ. ಆಗ ಎಲ್ಲಕ್ಕಿಂತ ಮೊದಲು ಕತ್ತರಿ ಬೀಳುವುದು ನಮ್ಮ ಓಟದ ಈ ಸಮಯಕ್ಕೇ. ಕಳೆದ ಸೀಸನ್‌ನಲ್ಲಿ ಮೂರು ದಿನ ಎರಡಾಯಿತು. ಪೂರ್ತಿ ನಿಲ್ಲಲು ನಾವು ಬಿಡಲಿಲ್ಲ. ಈ ಸಲ ಸೀಸನ್ ಶುರುವಾಗುವ ಮುಂಚೆಯೇ ಅರ್ಜಿ ಕೊಟ್ಟಿದ್ದೇವೆ. ಆ ಮುಕ್ಕಾಲು ಗಂಟೆಯನ್ನು ಕಂಪನಿಯ ನಿಯಮದಲ್ಲೇ ಬರೆಯಿರಿ, ಗಾರ್ಬ್ಲಿಂಗ್‌ನವರ ಅರ್ಧ ಗಂಟೆಯನ್ನು ಗುತ್ತಿಗೆ ಪತ್ರದಲ್ಲಿ ಸೇರಿಸಿ, ನಾಳೆ ಮ್ಯಾನೇಜರ್ ಬದಲಾದರೂ ಅದು ಉಳಿಯಬೇಕು ಅಂತ.