ಸ್ಥಿರ ಬಡ್ಡಿಯ ಗಡುವು ಮುಗಿಯುವ ಮುನ್ನ

ಸ್ಥಿರ ಬಡ್ಡಿದರದ ಗೃಹಸಾಲ ಎಂದರೆ ಸಾಲ ತೀರುವವರೆಗೂ ಅದೇ ದರ ಎಂದು ನಂಬಿದವರು ಬಹಳ. ಅನೇಕ ಸಾಲಗಳಲ್ಲಿ ಆ ದರ ಮೊದಲ 2, 3 ಅಥವಾ 5 ವರ್ಷಕ್ಕಷ್ಟೇ ಸೀಮಿತ. ಆಮೇಲೆ ಸಾಲಗಾರ ಸುಮ್ಮನಿದ್ದರೆ ಬ್ಯಾಂಕ್ ತನ್ನ ಬದಲಾಗುವ ದರವನ್ನು ಹಚ್ಚಬಹುದು. ಅದು ಹೆಚ್ಚಾಗಿ ದುಬಾರಿಯೇ. ಹಾಗಾಗಿ ಮೂರ್ನಾಲ್ಕು ತಿಂಗಳು ಮೊದಲೇ ಕೆಲಸ ಶುರುಮಾಡಿ.

ಮೊದಲು ಒಪ್ಪಂದ ಪತ್ರ ತೆಗೆದು ಗಡುವಿನ ದಿನಾಂಕ, ಆನಂತರದ ದರ, ಅವಧಿಪೂರ್ವ ಮರುಪಾವತಿಯ ಶುಲ್ಕ ಇವನ್ನು ಗುರುತು ಮಾಡಿಕೊಳ್ಳಿ. ಬಾಕಿ ಅಸಲೆಷ್ಟು ಎಂಬುದನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ.

ಬೇರೆಡೆ ದರ ಇಳಿದಿದೆ, ಈಗಲೇ ಹೊರಬರೋಣ ಎನಿಸಿದರೆ ಲೆಕ್ಕ ಹಾಕಿ. ಶುಲ್ಕ ಬಾಕಿ ಅಸಲಿನ ಶೇ 2, ಹೊಸ ದರ ಶೇ 1ರಷ್ಟು ಕಡಿಮೆ ಎಂದುಕೊಳ್ಳೋಣ. ಗಡುವಿಗೆ ಒಂದೇ ವರ್ಷ ಉಳಿದಿದ್ದರೆ ಉಳಿತಾಯಕ್ಕಿಂತ ದಂಡವೇ ದೊಡ್ಡದು, ಕಾಯುವುದು ಲೇಸು. ನಾಲ್ಕು ವರ್ಷ ಉಳಿದಿದ್ದರೆ ಲಾಭವಾಗಬಹುದು.

ನವೀಕರಣಕ್ಕೆ ಬ್ಯಾಂಕ್ ಕಳಿಸುವ ಪತ್ರಕ್ಕೆ ಕೂಡಲೇ ಸಹಿ ಹಾಕಬೇಡಿ. ಇನ್ನೆರಡು ಬ್ಯಾಂಕುಗಳ ದರ ಕೇಳಿ, ಅದನ್ನು ಮುಂದಿಟ್ಟು ಚೌಕಾಸಿ ಮಾಡಿ. ಹೋಲಿಸುವಾಗ ಸಂಸ್ಕರಣಾ ಶುಲ್ಕ, ಆಸ್ತಿ ಮೌಲ್ಯಮಾಪನ, ಕಾನೂನು ವೆಚ್ಚಗಳನ್ನೂ ಕೂಡಿಸಿ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಅವಧಿಯ ವಿಷಯದಲ್ಲಿ. ‘ಕಂತು ಕಡಿಮೆಯಾಗುತ್ತದೆ’ ಎಂಬ ಮಾತು ಕಿವಿಗೆ ಇಂಪು. ಆದರೆ ಶೇ 8ರ ದರದಲ್ಲಿ 15 ವರ್ಷಕ್ಕೆ ತೀರಬೇಕಿದ್ದ ಸಾಲವನ್ನು 20 ವರ್ಷಕ್ಕೆ ಎಳೆದರೆ ಕಂತು ಇಳಿಯುವುದು ಸುಮಾರು ಶೇ 12. ಕಟ್ಟುವ ಒಟ್ಟು ಬಡ್ಡಿ ಏರುವುದು ಸುಮಾರು ಶೇ 40. ದರ ಒಂದಿಷ್ಟೂ ಏರದೆಯೇ ಇಷ್ಟು ಹೊರೆ! ಕಂತು ನಿಜಕ್ಕೂ ಕೈಮೀರಿದ್ದರೆ ಮಾತ್ರ ಅವಧಿ ಹಿಗ್ಗಿಸಿ. ದರ ಇಳಿದಿದ್ದರೂ ಹಳೆಯ ಕಂತನ್ನೇ ಮುಂದುವರಿಸಲು ಸಾಧ್ಯವೇ ಎಂದು ಕೇಳಿ. ಸಾಲ ಬೇಗ ತೀರುತ್ತದೆ. ಕೈಯಲ್ಲಿ ಇಡಿಗಂಟು ಇದ್ದರೆ ಅಸಲಿಗೆ ಕಟ್ಟಲು ಗಡುವು ಮುಗಿಯುವ ದಿನವೇ ಸೂಕ್ತ, ಏಕೆಂದರೆ ಆಗ ಸಾಮಾನ್ಯವಾಗಿ ದಂಡವಿರುವುದಿಲ್ಲ. ತುರ್ತು ಖರ್ಚಿನ ಹಣವನ್ನು ಮಾತ್ರ ಮುಟ್ಟಬೇಡಿ.

ಬ್ಯಾಂಕ್ ಬದಲಿಸುವುದಾದರೆ ಹೊಸ ಬ್ಯಾಂಕೇ ಹಳೆಯದರ ಬಾಕಿ ಚುಕ್ತಾ ಮಾಡುತ್ತದೆ. ಅದು ಮುಗಿಯುವವರೆಗೂ ಹಳೆಯ ಕಂತು ತಪ್ಪಿಸಬೇಡಿ.

ಪೂರ್ತಿ ತೀರಿಸಿದವರು ಋಣಮುಕ್ತ ಪತ್ರ ಪಡೆಯಬೇಕು, ಮನೆಯ ಮೂಲ ದಾಖಲೆಗಳು ಬ್ಯಾಂಕಿನಲ್ಲಿದ್ದರೆ ಒಂದೊಂದನ್ನೂ ಪಟ್ಟಿಯೊಂದಿಗೆ ತಾಳೆ ನೋಡಿ ಹಿಂಪಡೆಯಬೇಕು. ಆಸ್ತಿ ದಾಖಲೆಯಲ್ಲಿ ಅಡಮಾನದ ನಮೂದು ಉಳಿದಿದ್ದರೆ ಮುಂದೆ ಮನೆ ಮಾರುವಾಗ ತೊಡಕಾಗುತ್ತದೆ. ಅದನ್ನು ತೆಗೆಸಿ, ಖಾತೆಯಿಂದ ಕಂತು ತಾನಾಗಿ ಕಡಿತವಾಗುವ ಸೂಚನೆಯನ್ನೂ ರದ್ದುಪಡಿಸಿ.